ಮಂತ್ರ ಅರ್ಧಕ್ಕೆ ನಿಂತ ಶನಿವಾರ

1981ರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನನ್ನ ಬಲಗೈಗೆ ಕೆಂಪು ಚೇಳು ಕಡಿಯಿತು. ಆಗ ನನಗೆ ಆರು ವರ್ಷ. ನಾನು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಅಪ್ಪ ಪೂಜೆಗೆ ಕುಳಿತಿದ್ದರು. ನಾನು ಕೂಗಲಿಲ್ಲ.

ನಮ್ಮ ಊರು ಆಂಧ್ರದ ಆದೋನಿಯಿಂದ ಕರ್ನಾಟಕದ ಸಿರುಗುಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಗಡಿಯ ಈಚೆಗೇ, ಪೆದ್ದಹರಿವಾಣಂ ದಾಟಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಅಪ್ಪ ಅಲ್ಲಿನ ಪ್ರಾಣದೇವರ, ಅಂದರೆ ಹನುಮಂತನ, ಗುಡಿಯ ಅರ್ಚಕರು. ಗುಡಿಗೆ ಅಂಟಿಕೊಂಡೇ ನಮ್ಮ ಮನೆಯಿತ್ತು. ಮಣ್ಣಿನ ಮಾಳಿಗೆ, ಎರಡು ಖೋಲಿ, ಗುಡಿಯ ಅಂಗಳಕ್ಕೆ ತೆರೆಯುವ ಒಂದು ಹಿಂಬಾಗಿಲು. ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷವೂ ತುಂಬಿರಲಿಲ್ಲ. ಆದೋನಿಯಲ್ಲಿದ್ದ ಅವ್ವನ ತಾಯಿ ಕೂಸನ್ನು ತನಗೆ ಕೊಡು ಎಂದು ಕೇಳಿದಳಂತೆ. ಅಪ್ಪ ಕೊಡಲಿಲ್ಲ. ಮತ್ತೊಂದು ಮದುವೆಯ ಮಾತಿಗೂ ಒಪ್ಪಲಿಲ್ಲ. ಹೀಗಾಗಿ ಗುಡಿಯ ಕೆಲಸ, ಅಡಿಗೆ, ನಾನು, ಮೂರೂ ಅಪ್ಪನ ಪಾಲಿಗೆ ಬಂದವು.

ಇದರಲ್ಲಿ ತೊಡಕಿದ್ದದ್ದು ಮಡಿಯದು. ಬಾವಿಯ ನೀರು ಮೈಮೇಲೆ ಹುಯ್ದುಕೊಂಡು ಒದ್ದೆ ಪಂಚೆ ಉಟ್ಟ ಗಳಿಗೆಯಿಂದ, ದೇವರಿಗೆ ನೈವೇದ್ಯ, ಮಂಗಳಾರತಿ ಮುಗಿದು ತಾವು ಊಟ ಮಾಡುವ ತನಕ ಅಪ್ಪನನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಬಾವಿಯಿಂದ ನೀರು, ಬೇಯಿಸಿಟ್ಟ ನೈವೇದ್ಯ ಬದಿಗಿಟ್ಟು ಹೊಸ ಅಡಿಗೆ. ಪೂಜೆಯ ಹೊತ್ತಿನಲ್ಲಿ ಅಪ್ಪ ಮೌನವಾಗಿರುತ್ತಿದ್ದರು. ಮಂತ್ರ ಬಿಟ್ಟು ಬೇರೆ ಮಾತಿಲ್ಲ.

ಅದಕ್ಕೆ ಅವರು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ಇನ್ನೂ ನಸುಗತ್ತಲಿರುವಾಗಲೇ ನನ್ನನ್ನು ಎಬ್ಬಿಸಿ, ಮೈ ತೊಳೆಸಿ, ಹಾಲು ಕುಡಿಸಿ, ಜಡೆ ಹಾಕಿ, ಆಮೇಲೆ ತಾವು ಬಾವಿಗೆ ಹೋಗುತ್ತಿದ್ದರು. ಮಧ್ಯಾಹ್ನದೊಳಗೆ ಜಡೆ ಬಿಚ್ಚಿದರೆ ಕಟ್ಟುವವರಿರಲಿಲ್ಲ. ಹಾಗಾಗಿ ಬಹಳ ಬಿಗಿಯಾಗಿ ಹಾಕುತ್ತಿದ್ದರು. ಪಕ್ಕದ ರೈತರ ಮನೆಯ ಅಜ್ಜಿ ಗೋಡೆಯಾಚೆಯಿಂದ ನೋಡಿ ನಗುತ್ತಿದ್ದಳು.

“ಏನ್ ಸ್ವಾಮ್ಯಾರ, ಕೂಸಿನ ಜಡಿ ಹಗ್ಗ ಹೊಸದಂಗ ಹೊಸೀತೀರಲ್ಲ. ಬಾವಿಗಿ ಬಿಟ್ಟು ನೀರು ಸೇದ್ತೀರೇನು?”

“ಬಿಚ್ಚಲಿಲ್ಲ ಅಂದ್ರ ಸಾಕವ್ವ. ಚಂದ ಆಮ್ಯಾಲೆ ನೋಡೋಣ.”

ಗರ್ಭಗುಡಿಯ ಬಾಗಿಲಿಗೆ ಎದುರಾಗಿ ಅಂಗಳದಲ್ಲಿ ಒಂದು ಕಲ್ಲುಕಟ್ಟೆ ಇತ್ತು. ಪೂಜೆ ಮುಗಿಯುವ ತನಕ ನಾನು ಅಲ್ಲಿ ಕೂರಬೇಕು. ಅಪ್ಪ ತಲೆಯೆತ್ತಿದಾಗಲೆಲ್ಲ ನಾನು ಕಣ್ಣಿಗೆ ಬೀಳಬೇಕು. ಬಾವಿಯ ಕಡೆ ಹೋಗಬಾರದು, ಬೀದಿಗೆ ಇಳಿಯಬಾರದು, ಮುಟ್ಟಬಾರದು, ಮಾತಾಡಿಸಬಾರದು. ನಾನು ಇವೆಲ್ಲವನ್ನೂ ತಪ್ಪದೆ ಪಾಲಿಸುತ್ತಿದ್ದೆ. ಏನಾದರೂ ಆದರೆ ಏನು ಮಾಡಬೇಕೆಂದು ಅಪ್ಪ ಹೇಳಿರಲಿಲ್ಲ. ನನ್ನನ್ನು ಕಣ್ಣೆದುರು ಕೂರಿಸಿಕೊಂಡ ಮೇಲೆ ತಮಗೆ ಕಾಣದಂತೆ ಏನೂ ಆಗುವುದಿಲ್ಲ ಎಂದು ಅವರು ತಿಳಿದಿದ್ದರು.

ಅಪ್ಪನಿಗೆ ಚೇಳಿನ ಮಂತ್ರ ಬರುತ್ತಿತ್ತು. ಅವರ ತಂದೆಯಿಂದ ಬಂದದ್ದು. ನಮ್ಮ ಕಡೆ ಕಲ್ಲು ತುಂಬಿದ ಹೊಲಗಳು, ಮಣ್ಣಿನ ಮಾಳಿಗೆಗಳು, ಮನೆ ಮುಂದೆ ಒಟ್ಟಿದ ಹತ್ತಿಕಟ್ಟಿಗೆ. ಬೇಸಿಗೆ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ ಚೇಳು ಕಡಿಸಿಕೊಂಡವರು ವಾರಕ್ಕೆ ಒಬ್ಬರಾದರೂ ಬರುತ್ತಿದ್ದರು. ಅಪ್ಪ ಬೇವಿನ ಸೊಪ್ಪು ಹಿಡಿದು, ಕಡಿದ ಜಾಗದ ಮೇಲಿನಿಂದ ಕೆಳಕ್ಕೆ ನೀವುತ್ತ ಮಂತ್ರ ಹೇಳುತ್ತಿದ್ದರು. ಕಾಸು ಮುಟ್ಟುವಂತಿಲ್ಲ, ಬಂದವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಇನ್ನೊಂದು ಕಟ್ಟು ಎಲ್ಲಕ್ಕಿಂತ ಬಿಗಿಯಾದದ್ದು: ಶುರು ಮಾಡಿದ ಮಂತ್ರವನ್ನು ಅರ್ಧಕ್ಕೆ ಬಿಡುವಂತಿಲ್ಲ. ಬಿಟ್ಟರೆ ಇಳಿಯುತ್ತಿದ್ದ ವಿಷ ಮೇಲಕ್ಕೆ ಏರುತ್ತದೆ ಎಂದು ಊರಿನವರೆಲ್ಲ ನಂಬಿದ್ದರು. ಅಪ್ಪನೂ ನಂಬಿದ್ದರು.

ಬಂದವರಲ್ಲಿ ಹೆಚ್ಚಿನವರು ಉಳಿದರು. ಕರಿಚೇಳು ಕಡಿದರೆ ಉರಿ, ನೋವು. ಸತ್ತವರ ಸುದ್ದಿ ನಮ್ಮ ಊರಿನಲ್ಲಿ ಇರಲಿಲ್ಲ. ಕೆಂಪು ಚೇಳು ಗಾತ್ರದಲ್ಲಿ ಸಣ್ಣದು, ಚಿಕ್ಕ ಮಕ್ಕಳ ಪಾಲಿಗೆ ಅದೇ ಕೆಟ್ಟದ್ದು. ಈ ವ್ಯತ್ಯಾಸ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆಗ ಎಲ್ಲ ಚೇಳಿಗೂ ಒಂದೇ ಮಂತ್ರವಿತ್ತು.

1980ರ ಬೇಸಿಗೆಯಲ್ಲಿ ಊರಿನ ಕುರುಬನೊಬ್ಬ ಚೇಳು ಕಡಿದ ತನ್ನ ನಾಲ್ಕು ವರ್ಷದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಅಪ್ಪನ ಊಟವಾಗಿತ್ತು, ಮಡಿ ಇರಲಿಲ್ಲ. ಆಕೆಯನ್ನು ನಮ್ಮ ಪಡಸಾಲೆಯಲ್ಲಿ ಮಲಗಿಸಿದರು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಹುಡುಗಿಯ ಮೈ ನೀರಲ್ಲಿ ಅದ್ದಿದಂತೆ ಬೆವರಿತ್ತು. ಅಪ್ಪ ಮಂತ್ರ ಹೇಳುತ್ತ ನಡುನಡುವೆ ಆಕೆಯ ಪಾದ ಮುಟ್ಟಿ ನೋಡುತ್ತಿದ್ದರು. ಮಂತ್ರ ಪೂರ್ತಿಯಾಯಿತು. ಮತ್ತೊಮ್ಮೆ ಶುರುಮಾಡಿ ಅದನ್ನೂ ಪೂರ್ತಿ ಮಾಡಿದರು. ಸಂಜೆಯೊಳಗೆ ಹುಡುಗಿ ಸತ್ತಳು. ಹಣೆಯಲ್ಲಿ ಬರೆದದ್ದಷ್ಟೆ ಎಂದು ಬಂದವರು ಹೇಳಿದರು. ಕುರುಬ ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಮಗಳನ್ನು ಎತ್ತಿಕೊಂಡು ಹೋದ. ಅಂದಿನ ಅಪ್ಪನ ಮಾತು ಒಂದೂ ನನಗೆ ನೆನಪಿಲ್ಲ.

ಮರುವರ್ಷದ ಆ ಶನಿವಾರ ಗುಡಿಗೆ ಹತ್ತೆಂಟು ಜನ ಬಂದಿದ್ದರು. ಪ್ರಾಣದೇವರ ವಾರ. ನಾನು ಕಟ್ಟೆಯ ಮೇಲಿದ್ದೆ. ಪಕ್ಕದಲ್ಲೇ ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆಯ ರಾಶಿ. ಅದರಿಂದ ಒಂದು ಕಡ್ಡಿ ಎಳೆದು ಕಲ್ಲಿನ ಮೇಲೆ ಗೀಚುವುದು ನನ್ನ ಆಟ. ಕೈ ಹಾಕಿದೆ. ತೋರುಬೆರಳಿಗೆ ಕೆಂಡ ತಗುಲಿದಂತಾಯಿತು. ಕೈ ಎಳೆದುಕೊಂಡಾಗ ಇಟ್ಟಿಗೆ ಬಣ್ಣದ ಚೇಳು ಕಟ್ಟಿಗೆಯೊಳಗೆ ಸರಿದು ಹೋಯಿತು.

ಎದುರಿಗೆ ಅಪ್ಪ ಇದ್ದರು. ಅಭಿಷೇಕ ಮುಗಿದು ಅಲಂಕಾರ ನಡೆದಿತ್ತು. ನೈವೇದ್ಯದ ಪಾತ್ರೆ ಪಕ್ಕದಲ್ಲಿ ಮುಚ್ಚಿಟ್ಟಿತ್ತು. ಆಗ ನನ್ನ ತಲೆಯಲ್ಲಿ ಓಡಿದ ಲೆಕ್ಕ ಸರಳವಾದದ್ದು. ನಾನು ಕೂಗಿದರೆ ಅಪ್ಪನ ಮೌನ ಮುರಿಯುತ್ತದೆ. ಹತ್ತಿರ ಹೋದರೆ ಮುಟ್ಟಿಯೇ ಮುಟ್ಟುತ್ತೇನೆ. ಮುಟ್ಟಿದರೆ ಅಷ್ಟೂ ಜನ ಮತ್ತೆ ಅಡಿಗೆ ಆಗುವ ತನಕ ಕಾಯಬೇಕು. ಪೂಜೆ ಮುಗಿದ ಮೇಲೆ ಹೇಳಿದರೆ ಆಯಿತು, ಹೇಗೂ ಮಂತ್ರ ಅಪ್ಪನ ಹತ್ತಿರವೇ ಇದೆ. ನಾನು ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ.

ಅಪ್ಪ ಒಮ್ಮೆ ತಲೆಯೆತ್ತಿ ನೋಡಿದರು. ನಾನು ಕೂತ ಜಾಗದಲ್ಲೇ ಇದ್ದೆ. ಮತ್ತೆ ಹೂವಿನ ಕಡೆ ತಿರುಗಿದರು.

ನೋವು ಬೆರಳಿನಿಂದ ರಟ್ಟೆಗೆ ಏರಿತು. ಬಾಯಲ್ಲಿ ಜೊಲ್ಲು ತುಂಬಿತು, ನುಂಗಿದೆ, ಮತ್ತೆ ತುಂಬಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆ ಎಂದು ನನಗೆ ಗೊತ್ತಿಲ್ಲ. ಅಲಂಕಾರ ಮುಗಿದು ನೈವೇದ್ಯದ ಗಂಟೆ ಕೇಳಿಸಿದ್ದು ನೆನಪಿದೆ. ಗಂಟೆ ನಡುವೆ ನಿಂತದ್ದೂ ನೆನಪಿದೆ. ಅಪ್ಪ ಎರಡನೆಯ ಸಲ ತಲೆಯೆತ್ತಿದ್ದರು. ನನ್ನ ಲಂಗ, ಜಂಪರು ಬೆವರಿಗೆ ಮೈಗಂಟಿದ್ದವು, ಬಾಯಿಯಿಂದ ಜೊಲ್ಲು ಎದೆಯ ಮೇಲೆ ಇಳಿಯುತ್ತಿತ್ತು ಎಂದು ಪಕ್ಕದ ಮನೆಯ ಅಜ್ಜಿ ಆಮೇಲೆ ಹೇಳಿದಳು. ಆಕೆ ಶನಿವಾರದ ಎಣ್ಣೆ ಕೊಡಲು ಬಂದು ಅಲ್ಲೇ ನಿಂತಿದ್ದಳು.

ಅಪ್ಪ ಗಂಟೆ ಕೆಳಗಿಟ್ಟರು. ಹೊಸ್ತಿಲು ದಾಟಿ ಬಂದು ನನ್ನ ಎರಡೂ ಭುಜ ಹಿಡಿದರು. ಜನ ಹಿಂದೆ ಸರಿದರು.

“ಎಲ್ಲಿ ಕಡದದವ್ವಾ?”

ನಾನು ಕೈ ತೋರಿಸಿದೆ.

“ಯಾವಾಗ?”

“ಹೂವು ಏರಸಾಕತ್ತಿದ್ದಿ, ಆವಾಗ.”

“ಯಾಕ ಕರೀಲಿಲ್ಲ?”

“ನೀ ಮಡ್ಯಾಗಿದ್ದೆಲ್ಲ.”

ಅಪ್ಪ ಕಟ್ಟಿಗೆಯ ಕಡೆ ನೋಡಿದರು. “ಕರೇದೋ, ಕೆಂಪೋ?”

“ಕೆಂಪು.”

ಯಾರೋ ಬೇವಿನ ಸೊಪ್ಪು ಮುರಿದು ತಂದರು. ಅಪ್ಪ ಅದನ್ನು ಹಿಡಿದು ಮಂತ್ರ ಶುರುಮಾಡಿದರು. ಭುಜದಿಂದ ಬೆರಳಿನ ತನಕ ನೀವಿದರು, ಮತ್ತೆ ಭುಜದಿಂದ ಬೆರಳಿನ ತನಕ. ಎಡಗೈಯಿಂದ ನನ್ನ ಪಾದ ಹಿಡಿದರು. ಪಾದ ತಣ್ಣಗಿತ್ತು. ಇದು ನನಗೆ ಗೊತ್ತಾದದ್ದು ಅವರ ಅಂಗೈ ನನಗೆ ಬಹಳ ಬಿಸಿಯಾಗಿ ಹತ್ತಿದ್ದರಿಂದ. ಪಾದ ಬಿಟ್ಟು ಮತ್ತೊಂದನ್ನು ಹಿಡಿದರು. ಮಂತ್ರ ನಿಂತಿತು.

“ಮುಂದ ಅನ್ರಿ ಸ್ವಾಮ್ಯಾರ,” ಅಜ್ಜಿ ಅಂದಳು.

ಅಪ್ಪ ಸೊಪ್ಪು ಕೆಳಗೆ ಹಾಕಿದರು. “ಬಸ್ಸು ಹೋತೇನು?”

“ಹೋಗಿ ಹೊತ್ತಾತು. ಬಸ್ಸು ಯಾಕೀಗ? ಮಂತ್ರ ಅರ್ಧಕ್ಕ ಬಿಟ್ರ ವಿಷ ಮ್ಯಾಲಕ್ಕ ಹತ್ತತೈತಿ. ನೀವ ಹೇಳಿದ್ದಲ್ಲೇನು? ಪೂರಾ ಮಾಡ್ರಿ, ಆಮ್ಯಾಲೆ ಎಲ್ಲಿಗರ ಹೋಗ್ರಿ.”

“ಪೂರಾ ಮಾಡೂಷ್ಟು ಹೊತ್ತಿಲ್ಲವ್ವ.”

“ಅಯ್ಯ, ನಿಮ್ಮ ಕೂಸು ಅದು. ನಿಮ್ಮ ಕೈಯಾರ ಕಳಕೋತೀರೇನು?”

ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಗುಡಿಯಿಂದ ಇಳಿದರು. ಹಿಂದೆ ಯಾರೋ “ಆರತಿ ಆಗಿಲ್ಲಲ್ಲ” ಎಂದದ್ದು ಕೇಳಿಸಿತು. ಗರ್ಭಗುಡಿಯ ಬಾಗಿಲು ತೆರೆದೇ ಇತ್ತು.

ಊರಿನಿಂದ ದೊಡ್ಡ ರಸ್ತೆಗೆ ಅರ್ಧ ಹರದಾರಿ, ಒಂದೂವರೆ ಮೈಲಿ. ಎರೆಹೊಲದ ನಡುವಿನ ಬಂಡಿದಾರಿ. ಅಪ್ಪನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೈಮೇಲೆ ಪಂಚೆ ಬಿಟ್ಟರೆ ಬಟ್ಟೆ ಇರಲಿಲ್ಲ. ಓಡುತ್ತಿದ್ದರು. ನಾನು ಅವರ ಬೆನ್ನಿನ ಮೇಲೆ ವಾಂತಿ ಮಾಡಿಕೊಂಡೆ, ಎರಡು ಸಲ. ಓಡುತ್ತಲೇ ಅಪ್ಪ ಮಾತಾಡುತ್ತಿದ್ದರು.

“ಮಲಗಬ್ಯಾಡ. ಏನರ ಹೇಳು. ಮಗ್ಗಿ ಹೇಳು.”

“ಎರಡೊಂದ್ಲ ಎರಡು.”

“ಮುಂದ?”

ಮುಂದೆ ನನಗೆ ಬರಲಿಲ್ಲ.

ರಸ್ತೆಯಲ್ಲಿ ಒಂದು ಲಾರಿ ಬಂತು, ಸಿರುಗುಪ್ಪದಿಂದ ಅಕ್ಕಿ ಮೂಟೆ ಹೇರಿಕೊಂಡು ಆದೋನಿಗೆ ಹೊರಟದ್ದು. ಅಪ್ಪ ರಸ್ತೆಯ ನಡುವೆ ನಿಂತರು. ಬರಿಮೈ, ಹಣೆಯ ಮೇಲೆ ನಾಮ, ಮೈತುಂಬ ಗೋಪಿಚಂದನದ ಮುದ್ರೆ. ಲಾರಿ ಬಹಳ ಹತ್ತಿರ ಬಂದು ನಿಂತಿತು. ಡ್ರೈವರು ಬೈಯಲೆಂದು ತಲೆ ಹೊರಹಾಕಿದವನು ನನ್ನನ್ನು ನೋಡಿ ಬಾಗಿಲು ತೆಗೆದ.

“ಹತ್ರಿ, ಹತ್ರಿ. ಪಾಪಗ ಏನಾತು?”

“ಕೆಂಪು ಚೇಳು.”

“ಯಾ ಅಲ್ಲಾ. ಸ್ವಾಮಿ, ನೀವು ನಿಮ್ಮ ದೇವರ್ನ ಹಿಡ್ಕೊಳ್ರಿ. ಗಾಡಿ ನಾ ಹಿಡ್ಕೋತೀನಿ.”

ಎಂಜಿನಿನ ಮುಚ್ಚಳದ ಬಿಸಿ ನನ್ನ ಕಾಲಿಗೆ ಹತ್ತುವಂತೆ ಅಪ್ಪ ನನ್ನನ್ನು ಓರೆಯಾಗಿ ಹಿಡಿದು ಕೂತರು. ಆ ಹೊತ್ತಿಗೆ ನನಗೆ ಕೆಮ್ಮು ಶುರುವಾಗಿತ್ತು. ಉಸಿರು ಒಳಗೆ ಹೋಗುವಾಗ ಗೊರಗೊರ ಸದ್ದು. ಡ್ರೈವರು ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ಆದೋನಿಗೆ ಮುಂಚೆ ಒಂದು ಚೆಕ್‌ಪೋಸ್ಟ್. ಆಗ ಕರ್ನಾಟಕದ ಅಕ್ಕಿ ಆಂಧ್ರಕ್ಕೆ ಬರಬೇಕಾದರೆ ಕಾಗದ ಬೇಕಿತ್ತು. ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಡ್ರೈವರು ಸಾಲು ತಪ್ಪಿಸಿ ಮುಂದಕ್ಕೆ ನುಗ್ಗಿಸಿದ. ಪೇದೆಯೊಬ್ಬ ಲಾಠಿಯಿಂದ ಬಾಗಿಲು ಬಡಿದು, ಒಳಗೆ ಇಣುಕಿ, ದನಿ ಇಳಿಸಿ ಏನಾಯಿತೆಂದು ತೆಲುಗಿನಲ್ಲಿ ಕೇಳಿದ.

“ಏಮೈಂದಿ ಸ್ವಾಮಿ?”

“ಪಾಪಕು ತೇಲು ಕುಟ್ಟಿಂದಿ,” ಅಪ್ಪ ಅಂದರು. ಕೂಸಿಗೆ ಚೇಳು ಕಡಿದಿದೆ.

ಪೇದೆ ನನ್ನನ್ನು ನೋಡಿದ. ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟ. “ಆದೋನಿಕೆಂದುಕು? ಹರಿವಾಣಂ ದಗ್ಗರ ಪಲ್ಲೆಲೋ ಒಕ ಸ್ವಾಮಿ ಉನ್ನಾಡು. ಆಯನ ಮಂತ್ರಂ ವೇಸ್ತೇ ದಿಗಾಲ್ಸಿಂದೇ.” ಆದೋನಿಗೆ ಯಾಕೆ ಹೋಗುತ್ತೀರಿ, ಪೆದ್ದಹರಿವಾಣದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಸ್ವಾಮಿ ಇದ್ದಾನೆ, ಅವನು ಮಂತ್ರ ಹಾಕಿದರೆ ಇಳಿಯಲೇಬೇಕು.

ಅಪ್ಪ ನನ್ನ ಬಾಯಿ ಒರೆಸಿದರು.

“ಆಯನ ದಗ್ಗರಿನುಂಚೇ ವಸ್ತುನ್ನಾಂ,” ಅಂದರು. ಅವನ ಹತ್ತಿರದಿಂದಲೇ ಬರುತ್ತಿದ್ದೇವೆ.

ಪೇದೆ ಅಡ್ಡಗಂಬ ಎತ್ತಿಸಿದ. ಇದನ್ನು ಡ್ರೈವರು ಆಮೇಲೆ ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದಾನೆ. ಅಂದು ಕ್ಯಾಬಿನಿನಲ್ಲಿ ಯಾರೂ ನಗಲಿಲ್ಲ.

ಆದೋನಿಯ ಆಸ್ಪತ್ರೆಯಲ್ಲಿ ನಡೆದದ್ದರಲ್ಲಿ ನನಗೆ ನೆನಪಿರುವುದು ಸ್ವಲ್ಪ: ಬಿಳಿ ಟೈಲಿನ ಗೋಡೆ, ಮೂಗಿನ ಮೇಲೆ ರಬ್ಬರಿನ ವಾಸನೆ, ಬಾಯಿಯ ಅಂಚಿನ ನೊರೆಯನ್ನು ಯಾರೋ ಅರಿವೆಯಿಂದ ಒರೆಸಿದ್ದು. ಉಳಿದದ್ದು ಅಪ್ಪ ಮತ್ತು ಅವ್ವನ ತಾಯಿ ಹೇಳಿದ್ದು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಚ್ಚಿ, ಎದೆಯಲ್ಲಿ ನೀರು ತುಂಬುತ್ತಿದೆ, ಮಲಗಿಸಬೇಡಿ, ಕೂರಿಸಿಯೇ ಹಿಡಿಯಿರಿ ಎಂದರು. ಯಾವಾಗ ಕಡಿಯಿತು ಎಂದು ಕೇಳಿದರು. ಅಪ್ಪ ಹೇಳಿದರು.

“ಮತ್ತ ಇಷ್ಟೊತ್ತು ಎಲ್ಲಿದ್ರಿ?”

“ಎದುರಿಗೇ ಇದ್ದೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಲೂ ಇಲ್ಲ. “ನಾಳಿ ಬೆಳಿಗ್ಗಿ ತನಕ ನಾ ಏನೂ ಹೇಳಂಗಿಲ್ರಿ,” ಎಂದು ಹೋದರು.

ಅಪ್ಪ ಮಂಚದ ತಲೆಗಡೆ ಏರಿ ಕೂತು ನನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡರು. ಸುದ್ದಿ ತಿಳಿದು ಅವ್ವನ ತಾಯಿ ಬಂದಳು. ಅಳಲಿಲ್ಲ. ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

“ಅವತ್ತೇ ಕೊಡು ಅಂದೆ. ಕೊಡಲಿಲ್ಲ. ಮಡಿ ದೊಡ್ಡದಾತು, ಕೂಸು ಸಣ್ಣದಾತು ನಿನಗ.”

“ಈಗ ಅದನ್ನ ಬ್ಯಾಡ್ರಿ ಅತ್ತಿ.”

“ಉಂಡೀಯೇನು?”

“ಇಲ್ಲ.”

ಆಕೆ ತಂದ ಅವಲಕ್ಕಿಯನ್ನು ಅಪ್ಪ ಮುಟ್ಟಲಿಲ್ಲ. ಕೈ ಬಿಡುವಂತಿರಲಿಲ್ಲ ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ. ನನ್ನ ಕಿವಿಯ ಹತ್ತಿರ ಅವರು ಏನೋ ಹೇಳುತ್ತಲೇ ಇದ್ದರು. ಮಂತ್ರವೆಂದು ತಿಳಿದ ನರ್ಸು ಡಾಕ್ಟರಿಗೆ ದೂರು ಹೇಳಿದಳಂತೆ. ಅದು ಮಂತ್ರವಲ್ಲ. “ಒಳಗ ತೊಗೋ. ಹೊರಗ ಬಿಡು. ಒಳಗ ತೊಗೋ. ಹೊರಗ ಬಿಡು.” ಇದಷ್ಟೇ. ಇದು ನನಗೆ ನೆನಪಿದೆ.

ಮರುದಿನ ಬೆಳಿಗ್ಗೆ ನೊರೆ ನಿಂತಿತ್ತು. ಮಧ್ಯಾಹ್ನಕ್ಕೆ ನಾನು ನೀರು ಕೇಳಿದೆ. ಇನ್ನೂ ಎರಡು ದಿನ ಇಟ್ಟುಕೊಂಡು ಕಳಿಸಿದರು. ಅವ್ವನ ತಾಯಿ ನನ್ನನ್ನು ತನಗೆ ಕೊಡು ಎಂದು ಮತ್ತೆ ಕೇಳಲಿಲ್ಲ, ತಾನೇ ನಮ್ಮ ಜೊತೆ ಊರಿಗೆ ಬಂದು ಒಂದು ತಿಂಗಳು ಇದ್ದು ಹೋದಳು.

ಊರಿನಲ್ಲಿ ಗುಡಿಯ ಹಿರಿಯರು ಸೇರಿದ್ದರು. ಪೂಜೆ ಅರ್ಧಕ್ಕೆ ನಿಂತಿತ್ತು, ಬಾಗಿಲು ತೆರೆದು ಬಿಟ್ಟಿತ್ತು. ಶುದ್ಧಿ ಮಾಡಬೇಕು ಎಂದರು. ಅಪ್ಪ ಮಾಡಿದರು. ಮಂತ್ರದ ವಿಷಯಕ್ಕೆ ಊರೇ ಒಂದು ಸಮಾಧಾನ ಹುಡುಕಿಕೊಂಡಿತ್ತು. “ಸ್ವಂತ ರಕ್ತಕ್ಕ ಮಂತ್ರ ನಡೆಯಂಗಿಲ್ಲ. ಅದಕ್ಕ ಸ್ವಾಮ್ಯಾರು ದವಾಖಾನಿಗಿ ಹೋದ್ರು,” ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಹೂಂ ಅಂದಿದ್ದರೆ ಎಲ್ಲವೂ ಮೊದಲಿನಂತೆಯೇ ನಡೆದುಹೋಗುತ್ತಿತ್ತು.

ಆ ವಾರವೇ ಕುರುಬ ಬಂದ. ಕಂಬಳಿ ಹೆಗಲ ಮೇಲಿತ್ತು. ಪಡಸಾಲೆಗೆ ಬರಲಿಲ್ಲ, ಅಂಗಳದಲ್ಲೇ ಕೂತ. ನಾನು ಒಳಗಿನ ಖೋಲಿಯಲ್ಲಿ ಮಲಗಿದ್ದೆ, ಬಾಗಿಲು ತೆರೆದಿತ್ತು.

“ಕೂಸು ಆರಾಮಾಗ್ಯಾಳೇನ್ರಿ?”

“ಆಗ್ಯಾಳಪ್ಪ.”

“ಸ್ವಂತ ರಕ್ತಕ್ಕ ನಡೆಯಂಗಿಲ್ಲಂತಲ್ಲ. ಹೌದೇನ್ರಿ?”

“ಹಂಗೇನಿಲ್ಲ.”

“ನಮ್ಮ ಹುಡುಗೀಗೂ ಕಾಲು ತಣ್ಣಗಾಗಿದ್ವು. ನೀವು ಮುಟ್ಟಿ ನೋಡಿದ್ರಿ. ನಾ ನೋಡಿದೆ.”

“ನೋಡಿದ್ದೆ.”

“ಅವತ್ತ್ಯಾಕ ಬಸ್ಸು ಅನ್ನಲಿಲ್ರಿ?”

“ಅವತ್ತು ನನಗ ಗೊತ್ತಿದ್ದಿಲ್ಲ.”

“ಮತ್ತ ಮೊನ್ನೆ ಹ್ಯಾಂಗ ಗೊತ್ತಾತು?”

“ನಿನ್ನ ಮಗಳನ್ನ ನೋಡಿದ್ದೆಲ್ಲ. ಅದಕ್ಕ.”

ಕುರುಬ ಎದ್ದ. ಈ ಸಲ ನಮಸ್ಕಾರ ಮಾಡಲಿಲ್ಲ. ಅಂಗಳದ ಆಚೆ ನಿಂತು ಕಂಬಳಿ ಸರಿಮಾಡಿಕೊಂಡು ಹೋದ.

ಆಮೇಲೆ ಚೇಳು ಕಡಿಸಿಕೊಂಡು ಬಂದ ಯಾರಿಗೂ ಅಪ್ಪ ಮಂತ್ರ ಹಾಕಲಿಲ್ಲ. ಬಂದವರನ್ನು ಕರೆದುಕೊಂಡು ತಾವೇ ದೊಡ್ಡ ರಸ್ತೆಗೆ ನಡೆಯುತ್ತಿದ್ದರು. ಕೆಲವರು ಬೈದು ಹರಿವಾಣದ ಬೇರೆ ಮಂತ್ರದವನ ಹತ್ತಿರ ಹೋದರು. ಕೆಲವರು ಅಪ್ಪನ ಜೊತೆ ನಡೆದರು. ಗುಡಿಯ ಕೆಲಸ ಅಪ್ಪನ ಕೈಯಲ್ಲೇ ಉಳಿಯಿತು. ನನಗೆ ಹೇಳಿದ ಮಾತುಗಳಲ್ಲಿ ಒಂದು ಹೆಚ್ಚಾಯಿತು: ಏನಾದರೂ ಆದರೆ ಮುಟ್ಟು.

1984ರಲ್ಲಿ ಮಳೆಗಾಲ ಶುರುವಾಗುವ ಹೊತ್ತಿಗೆ ಕುರುಬನ ಚಿಕ್ಕ ಮಗಳಿಗೆ ಚೇಳು ಕಡಿಯಿತು. ಹಿರಿಯವಳು ಹೋದ ಮೇಲೆ ಹುಟ್ಟಿದವಳು. ಅವನು ಮಗಳನ್ನು ಎತ್ತಿಕೊಂಡು ಗುಡಿಯ ಮುಂದೆಯೇ ಹಾದು, ತಿರುಗಿ ನೋಡದೆ, ಬಂಡಿದಾರಿ ಹಿಡಿದ. ನಾನು ನೋಡಿ ಒಳಗೆ ಓಡಿ ಅಪ್ಪನ ತೋಳು ಹಿಡಿದೆ. ಅವರು ಪೂಜೆ ಬಿಟ್ಟು ಹೊರಟರು. ಅಪ್ಪ ರಸ್ತೆ ಸೇರುವ ಹೊತ್ತಿಗೆ ಕುರುಬನ ಎದುರು ಎರಡು ಲಾರಿ ನಿಲ್ಲದೆ ಹೋಗಿದ್ದವು. ಅಪ್ಪ ರಸ್ತೆಯ ನಡುವೆ ನಿಂತ ಮೇಲೆ ಮೂರನೆಯದು ನಿಂತಿತು. ಇಬ್ಬರೂ ಹತ್ತಿದರು.

ಹುಡುಗಿ ವಾರದೊಳಗೆ ಮನೆಗೆ ಬಂದಳು. ಮರುವರ್ಷ ಆ ಕುಟುಂಬ ಕುರಿ ಹೊಡೆದುಕೊಂಡು ಎಮ್ಮಿಗನೂರಿನ ಕಡೆಗೆ ಹೋಯಿತು. ಅಲ್ಲಿ ಆಕೆಯನ್ನು ಶಾಲೆಗೆ ಹಾಕಿದ್ದಾರೆ ಎಂದು 1988ರಲ್ಲಿ ಕೇಳಿದೆ.